ಬುರುಜಿನ ಮೇಲಿಲ್ಲದ ಕಾಗೆ

ಏಪ್ರಿಲ್ ೯, ಜಿಯಾಯುಗ್ವಾನ್. ಸಂಜೆ

ಮತ್ತೆ ಅದೇ ಕೋಟೆ, ಅದೇ ಮೆಟ್ಟಿಲು, ಅದೇ ಜಾಗದಲ್ಲಿ ಅದೇ ಜೋಕು. "ಇಲ್ಲಿಗೆ ಮಹಾಗೋಡೆ ಮುಗೀತು, ಇನ್ಮುಂದೆ ಮಹಾಗೋಳು." ಬಸ್ಸು ತುಂಬ ಜನ ಇದ್ದಾಗ ಯಾರಾದರೂ ನಗುತ್ತಾರೆ. ಈ ಸಲ ಇಬ್ಬರೇ ಗಿರಾಕಿಗಳು, ಗಂಡ ಹೆಂಡತಿ. ಗಂಡ ನಕ್ಕರು. ಹೆಂಡತಿ, "ಈ ಜೋಕು ಗೋಡೆಗಿಂತ ಹಳೇದೇನಮ್ಮಾ?" ಎಂದರು. ಇಷ್ಟವಾದರು.

ಗೆಂಗ್ ಮೇಷ್ಟ್ರು ಟಿಯಾನ್‌ಶುಯಿ ಕಡೆಯವರು. ಸಂಗೀತನಾಟಕದ ಮಂಡಳಿಯಲ್ಲಿ ಜೀವಮಾನವೆಲ್ಲ ನಗಾರಿ ಬಾರಿಸಿ ನಿವೃತ್ತರಾದವರು. ಬೆರಳು ಮಾತ್ರ ನಿವೃತ್ತವಾಗಿಲ್ಲ — ಮೇಜು, ಮೊಣಕಾಲು, ಹೆಂಡತಿಯ ಬೆನ್ನು, ಸಿಕ್ಕಿದ್ದೆಲ್ಲ ನಗಾರಿ. ಹೆಂಡತಿ ವೆನ್ ಅಜ್ಜಿ. ಎದೆಯಲ್ಲಿ ಉಬ್ಬಸ, ಬಾಯಲ್ಲಿ ಮೆಣಸಿನಕಾಯಿ. ಇನ್‌ಹೇಲರ್ ಕೊರಳಿಗೆ ದಾರ ಕಟ್ಟಿ ತೂಗುಹಾಕಿಕೊಂಡಿದ್ದಾರೆ.

ಗೈಡ್ ನಾನು, ಡ್ರೈವರ್ ಎಂದಿನಂತೆ ನನ್ನ ತಮ್ಮ ಕುನ್.

ಪಶ್ಚಿಮದ ಬಾಗಿಲಾಚೆ ಕಲ್ಲೆಸೆಯುವ ಶಾಸ್ತ್ರ. ಮರಳುಗಾಡಿಗೆ ಹೊರಟವರು ಗೋಡೆಗೊಂದು ಕಲ್ಲು ಎಸೆಯಬೇಕು. ಪುಟಿದು ವಾಪಸ್ ಬಂದರೆ ಆಳೂ ವಾಪಸ್ ಬರುತ್ತಾನೆ. ಮೇಷ್ಟ್ರ ಕಲ್ಲು ಬಂತು. ಅಜ್ಜಿಯದು ಬಂದು ಮೇಷ್ಟ್ರ ಕಾಲಿಗೇ ಬಿತ್ತು.

"ನಿಂದೂ ಎಸಿಯೋ" ಎಂದರು ಅಜ್ಜಿ ಕುನ್‌ಗೆ.

"ನಾನು ತಿಂಗಳಿಗೆ ಮೂರು ಸಲ ಹೋಗಿಬರೋನು ಅಜ್ಜಿ. ನನ್ನ ಕಲ್ಲು ಕಂಡ್ರೆ ಗೋಡೆಗೇ ಬೇಜಾರು."

"ಎಸಿಯೋ ಪುಣ್ಯಾತ್ಮ! ನಿನ್ನ ಗಾಡೀಲಿ ಕೂರೋರು ನಾವು."

ಎಸೆದ. ಕಲ್ಲು ಗೋಡೆಯನ್ನು ಮುಟ್ಟಲೇ ಇಲ್ಲ, ಅರ್ಧದಾರಿಯಲ್ಲಿ ಬಿತ್ತು. ಎಲ್ಲರೂ ನಕ್ಕೆವು. "ತೋಳಿಗೆ ಶಕ್ತಿ ಸಾಲದು, ಕತ್ತೆಮಾಂಸ ತಿನ್ಸಮ್ಮ ನಿನ್ನ ತಮ್ಮಂಗೆ" ಎಂದರು ಮೇಷ್ಟ್ರು.

ರೂಮಿಗೆ ಬಂದು ಬೂಟು ಬಿಚ್ಚುವಾಗ ಹೊಳೆಯಿತು. ಕಲ್ಲು ನೆಲಕ್ಕೆ ಬೀಳುವ ಮೊದಲೇ ಕುನ್ ಕೈ ಕೊಡವಿಕೊಂಡು ತಿರುಗಿದ್ದ. ಗೋಡೆಗೆ ತಾಗಿತು ಎಂದುಕೊಂಡಿದ್ದ. ನಾವು ನಕ್ಕ ಮೇಲೆ ಅವನೂ ನಕ್ಕ.

ಏಪ್ರಿಲ್ ೧೦, ಗ್ವಾಝೋ

ಗಾಳಿ. ಈ ಊರಿನವರ ಗಾದೆ — ನಮ್ಮಲ್ಲಿ ವರ್ಷಕ್ಕೆ ಒಂದೇ ಸಲ ಗಾಳಿ, ವಸಂತದಲ್ಲಿ ಶುರುವಾದರೆ ಚಳಿಗಾಲದಲ್ಲಿ ನಿಲ್ಲುತ್ತದೆ.

ಹಾಳು ಕೋಟೆ ನೋಡಿ ಬರುವಾಗ ಕುನ್ ಗಕ್ಕನೆ ಬ್ರೇಕು ಹಾಕಿದ. ಅಜ್ಜಿಯ ಹಣೆ ಮುಂದಿನ ಸೀಟಿಗೆ.

"ಒಂಟೆ!" ಎಂದ.

ಒಂಟೆ ಇರಲಿಲ್ಲ. ರಸ್ತೆಯಂಚಿಗೊಂದು ಕುರುಚಲು ಗಿಡ, ಗಾಳಿಗೆ ತೂಗುತ್ತಿತ್ತು.

"ಗಿಡಕ್ಕೂ ದಾರಿ ಬಿಡ್ತೀಯಲ್ಲ, ಭಾಳ ಮರ್ಯಾದಸ್ಥ ಕಣಯ್ಯ" ಎಂದರು ಅಜ್ಜಿ, ಹಣೆ ಉಜ್ಜಿಕೊಳ್ಳುತ್ತ.

"ಗಿಡದ ಹಿಂದಿತ್ತು ಅಜ್ಜಿ. ಓಡಿಹೋಯ್ತು."

ಓಡಿ ಅಡಗಲು ಅಲ್ಲಿ ಒಂಟೆಗಲ್ಲ, ಇಲಿಗೂ ಮರೆಯಿಲ್ಲ. ಕನ್ನಡಿಯಲ್ಲಿ ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ.



ಏಪ್ರಿಲ್ ೧೧, ಡುನ್‌ಹುವಾಂಗ್

ನಮ್ಮೂರು. ಕುನ್‌ನ ಹೆಂಡತಿ ಶಾವ್‌ಯಾನ್ ಶಾವಿಗೆ ಅಂಗಡಿಯ ಬಾಗಿಲಲ್ಲಿ ನಿಂತು ಬೀದಿಯಾಚೆಯಿಂದ ಕೈಬೀಸಿದಳು. ನಾನು ಬೀಸಿದೆ. ಕುನ್ ಬೀಸಲಿಲ್ಲ. ಅವಳು ಕೂಗಿದ ಮೇಲೆ ಬೀಸಿದ — ಪಕ್ಕದ ಅಂಗಡಿಯವಳಿಗೆ.

ಜಗಳ ಆಡಿರಬೇಕು ಎಂದುಕೊಳ್ಳೋಣವೆಂದರೆ, ಆಮೇಲೆ ಇಬ್ಬರೂ ಒಂದೇ ಬಟ್ಟಲಿನಲ್ಲಿ ತಿಂದರು.

ನಾಳೆ ಯುಮೆನ್ ದ್ವಾರ. ಅಲ್ಲಿಂದ ಪಶ್ಚಿಮಕ್ಕೆ ಹಾನ್ ಕಾಲದ ಗೋಡೆ ಹಿಡಿದು ಯಾರೂ ಹೋಗದ ಬುರುಜುಗಳವರೆಗೆ. ಪರ್ಮಿಟ್ ಕೈಯಲ್ಲಿದೆ. ಹದಿನಾರರ ಸಂಜೆಗೆ ವಾಪಸ್ ಎಂದು ಹೋಟೆಲಿನಲ್ಲಿ ಬರೆಸಿದ್ದೇನೆ.

ಕುನ್‌ನನ್ನು ಕೇಳಬೇಕು. ಕೇಳಿದರೆ ಉತ್ತರ ಬರುತ್ತದಲ್ಲ... ಅದೇ ಭಯ.

ಏಪ್ರಿಲ್ ೧೨, ಗೋಡೆಯ ಪಕ್ಕ, ಡೇರೆ

ಬೆಳಿಗ್ಗೆ ಯುಮೆನ್ ದ್ವಾರ. ಬಾಗಿಲಲ್ಲೇ ವೂ — ಈ ಗೋಡೆಯ ಕಾವಲುಗಾರ. ಕೈಯಲ್ಲಿ ಮೈಕು. ಎದುರಿಗೇ ನಿಂತವರಿಗೂ ಮೈಕಿನಲ್ಲೇ ಹೇಳುವುದು: "ಮುಟ್ಟಬೇಡಿ!" ಹೋದ ವರ್ಷ ಯಾವನೋ ಗೋಡೆಯಿಂದ ಒಂದು ಜೊಂಡಿನ ಕಡ್ಡಿ ಕಿತ್ತನಂತೆ. ವೂ ಬಸ್ಸಿನವರೆಗೂ ಬೈದುಕೊಂಡು ಹೋಗಿ, ಬಸ್ಸು ಹೊರಟ ಮೇಲೂ ಬೈಕಿನಲ್ಲಿ ಹಿಂಬಾಲಿಸಿ ಬೈದ.

"ಗೋಡೆ ಏನ್ ನಿಮ್ಮಪ್ಪ ಕಟ್ಸಿದ್ದಾ?" ಎಂದರು ಅಜ್ಜಿ.

"ಅಪ್ಪ ಕಟ್ಸಿದ್ದಾಗಿದ್ರೆ ಮುಟ್ಟೋಕೆ ಬಿಡ್ತಿದ್ದೆ!" — ಮೈಕಿನಲ್ಲೇ.

ಕಲ್ಲಿಲ್ಲದ ಊರಿನ ಗೋಡೆ ಇದು. ಒಂದು ಪದರ ಜೊಂಡು, ಒಂದು ಪದರ ಗರಸು, ಮತ್ತೆ ಜೊಂಡು. ಎರಡು ಸಾವಿರ ವರ್ಷದ ಹಾಸಿಗೆ ಮಡಿಚಿಟ್ಟ ಹಾಗಿದೆ. ನನ್ನ ಎಂದಿನ ಪಾಠ ಒಪ್ಪಿಸಿದೆ: "ಒಂದು ಬುರುಜಿನಿಂದ ಇನ್ನೊಂದು ಕಾಣತ್ತೆ. ಅಷ್ಟೇ ಇವರ ಗುಟ್ಟು. ಶತ್ರು ಬಂದ್ರೆ ಹಗಲು ಹೊಗೆ, ಇರುಳು ಬೆಂಕಿ. ಈಗ ನೋಡಿ, ಇಷ್ಟೊಂದು ಟವರ್, ಆದ್ರೂ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಇಲ್ಲ." ಮೇಷ್ಟ್ರು ನಕ್ಕರು. ನನಗೇ ನಗು ಬರಲಿಲ್ಲ.

ವೂನ ಗುಡಿಸಲು ದಾಟಿ ಪಶ್ಚಿಮಕ್ಕೆ ಸುಮಾರು ದೂರ ಬಂದೆವು. ಉತ್ತರಕ್ಕೆ ಗಾಳಿ ಕೊರೆದ ಮಣ್ಣಿನ ದಿಬ್ಬಗಳು. ಒಂದೊಂದೂ ಬುರುಜಿನ ಅಣ್ಣತಮ್ಮಂದಿರ ಹಾಗೆ. ದಾರಿಯುದ್ದಕ್ಕೂ ಕುನ್‌ದೊಂದು ಹೊಸ ಆಟ: "ಅಕ್ಕ, ಮುಂದಿನ ಬುರುಜು ಮೊದಲು ಯಾರಿಗೆ ಕಾಣತ್ತೆ ನೋಡೋಣ." ಪ್ರತಿ ಸಲ ನಾನೇ ಗೆದ್ದೆ. ಅವನು ಸೋತು ಖುಷಿಯಾಗುತ್ತಿದ್ದ. ಗೆದ್ದದ್ದಕ್ಕೆ ಇಷ್ಟು ಹೆದರಿದ್ದು ಇದೇ ಮೊದಲು.

ಸಂಜೆ ಡೇರೆ ಹಾಕಿದೆವು. ಅಜ್ಜಿ ಮೇಷ್ಟ್ರು ಒಳಗೆ. ಕುನ್ ಟೈರು ಒದ್ದು ನೋಡುತ್ತಿದ್ದ. ತಡೆಯಲಾಗಲಿಲ್ಲ.

"ಕುನ್, ಆ ಬುರುಜಿನ ಮೇಲೆ ಕಾಗೆ ಕೂತಿದೆ ನೋಡೋ."

ಕಣ್ಣು ಕಿರಿದು ಮಾಡಿ ನೋಡಿದ. "ಹೂಂ. ಎರಡಿದಾವೆ."

ಒಂದೂ ಇರಲಿಲ್ಲ.

ಬುರುಜು ಬಿಟ್ಟು ಅವನನ್ನೇ ನೋಡಿದೆ. ಅವನಿಗೆ ಅರ್ಥವಾಯಿತು. ಟೈರಿಗೆ ಒರಗಿ ಕುಳಿತ.

"ಒಂದೂ ಇಲ್ವಾ?"

"ಇಲ್ಲ."

"ಮೋಸ ಕಣೇ ಅಕ್ಕ ಇದು."

"ಯಾವಾಗಿಂದ?"

"ಹೋದ ಚಳಿಗಾಲದಿಂದ. ಹತ್ತಿರದ್ದು ಸರಿಯಾಗೇ ಇದೆ. ದೂರದ್ದೆಲ್ಲ ಹಾಲು ಚೆಲ್ಲಿದ ಹಾಗೆ."

"ಲೈಸೆನ್ಸಿನ ಕಣ್ಣು ಪರೀಕ್ಷೆ ಪಾಸಾದೆಯಲ್ಲೋ!"

"ಆ ಚಾರ್ಟು ಎಲ್ಲಾ ಕಡೆ ಒಂದೇ ಅಲ್ವಾ. ಬಾಚಣಿಗೆ ಥರದ ಗುರುತು, ಹಲ್ಲು ಮೇಲಕ್ಕೆ, ಎಡಕ್ಕೆ, ಕೆಳಕ್ಕೆ, ಎಡಕ್ಕೆ, ಬಲಕ್ಕೆ... ಶಾವ್‌ಯಾನ್ ಬಾಯಿಪಾಠ ಮಾಡಿಸಿದ್ಲು. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿಬಿಟ್ಟೆ. ಡಾಕ್ಟ್ರು ಸಾಲಾಗಿ ಕೇಳದೆ ಮಧ್ಯ ಮಧ್ಯ ಕೇಳಿದ್ರೆ ಅವತ್ತೇ ನನ್ನ ಕಥೆ ಮುಗೀತಿತ್ತು" ಎಂದು ನಕ್ಕ.

ಕಪಾಳಕ್ಕೆ ಬಾರಿಸಬೇಕೆನಿಸಿತು. ತಲೆ ಸವರಿದೆ.

"ಸೀಸನ್ ಮುಗೀಲಿ ಅಕ್ಕ. ಆಪರೇಷನ್ ಮಾಡಿಸ್ಕೋತೀನಿ. ಈ ದಾರಿ ನನ್ನ ಕೈಕಾಲಿಗೆ ಗೊತ್ತು, ಕಣ್ಣು ಯಾಕೆ ಬೇಕು?"

ನಾಳೆ ಬೆಳಿಗ್ಗೆ ವಾಪಸ್. ಅಜ್ಜಿಯ ಉಬ್ಬಸದ ನೆಪ ಹೇಳುತ್ತೇನೆ. ಮುಂದೆ ನಾನು ಕೂರುತ್ತೇನೆ. ಅವನಿಗೆ ಕೈಕಾಲು, ನನಗೆ ಕಣ್ಣು. ಇಬ್ಬರನ್ನು ಸೇರಿಸಿದರೆ ಒಬ್ಬ ಡ್ರೈವರ್ ಆಗುತ್ತಾನೆ.

ಏಪ್ರಿಲ್ ೧೪, ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಬರೆಯದೆ ಇರಲಾಗುತ್ತಿಲ್ಲ.

ನಿನ್ನೆ ಹೊರಟು ಸ್ವಲ್ಪ ಹೊತ್ತಿಗೇ ಪಶ್ಚಿಮದಲ್ಲಿ ಗೋಡೆ ಎದ್ದಿತು. ಹಾನ್ ಕಾಲದ್ದಲ್ಲ, ಆ ಕ್ಷಣದ್ದು. ಕಂದು ಬಣ್ಣದ ಮರಳು, ಮುಗಿಲಿನವರೆಗೆ. ಆಮೇಲೆ ಬಾನೆಟ್ಟೂ ಕಾಣಲಿಲ್ಲ. ನಾನು "ಎಡಕ್ಕೆ, ಎಡಕ್ಕೆ" ಎನ್ನುತ್ತಿದ್ದೆ. ನನ್ನ ಕಣ್ಣೂ ಅವನ ಕಣ್ಣಿನ ಹಾಗೇ ಆಗಿತ್ತು. ಎಡಕ್ಕೆ ಹೋದರೆ ಉಪ್ಪಿನ ನೆಲ. ಮೇಲೆ ಹಪ್ಪಳದ ಹಾಗೆ ಗಟ್ಟಿ, ಕೆಳಗೆ ಕೆಸರು. ಮುಂದಿನ ಚಕ್ರ ಒಡೆದುಕೊಂಡು ಒಳಗೆ ಹೋಯಿತು. ಏನೋ ಮುರಿದ ಸದ್ದು. ಕುನ್ ಕೆಳಗಿಳಿದು ಕೈಯಿಂದ ತಡವಿ ನೋಡಿ, "ಆಕ್ಸಲ್ ಹೋಯ್ತು" ಎಂದ. ಯಾರದೋ ಸಾವಿನ ಸುದ್ದಿ ಹೇಳುವ ದನಿ.

ಗಾಳಿ ತಗ್ಗಿದಾಗ ಹತ್ತಿರದಲ್ಲೇ ಒಂದು ಬುರುಜು. ಅದರ ಮರೆಗೆ ಬಂದೆವು. ನೀರಿದೆ, ರೊಟ್ಟಿಯಿದೆ. ಅಜ್ಜಿಯ ಉಸಿರು ಮಾತ್ರ ತಿದಿ ಒತ್ತಿದ ಹಾಗೆ. ಇನ್‌ಹೇಲರ್ ಕುಲುಕಿದರೆ ಸದ್ದೇ ಇಲ್ಲ.

ಹೀಗೆ ನಿನ್ನೆ ಕಳೆಯಿತು. ಇವತ್ತು ಎದ್ದಾಗ ಕುನ್ ಇರಲಿಲ್ಲ.

"ಬೆಳಕು ಹರಿಯೋ ಹೊತ್ತಿಗೆ ಹೋದ" ಎಂದರು ಮೇಷ್ಟ್ರು. "ಇವಳ ಉಸಿರು ಕೇಳ್ತಾ ಕೂತಿದ್ದ ಪಾಪ. ಕೂರೋಕಾಗ್ಲಿಲ್ಲ. ಬುರುಜಿಂದ ಬುರುಜಿಗೆ ಪೂರ್ವಕ್ಕೆ ಹೋದ್ರೆ ವೂನ ಗುಡಿಸಲು ಸಿಗತ್ತಂತೆ. ಒಂದರಿಂದ ಒಂದು ಕಾಣತ್ತೆ ಅಂತ ಅಕ್ಕನೇ ದಿನಾ ಹೇಳ್ತಾಳೆ ಅಂದ."

ನನ್ನ ಪಾಠ. ಅಕ್ಷರ ಬಿಡದೆ ಒಪ್ಪಿಸಿದ್ದಾನೆ.

"ಯಾಕೆ ಬಿಟ್ರಿ?" ಎಂದು ಕಿರುಚಿದೆ. ಮೇಷ್ಟ್ರು ಬೆಪ್ಪಾದರು. ಅವರಿಗೇನು ಗೊತ್ತು. ಹೇಳಿದೆ. ಕಣ್ಣು, ಚಾರ್ಟು, ಕಾಗೆ, ಎಲ್ಲ. ಅವರ ಬೆರಳುಗಳು ಮೊಣಕಾಲಿನ ಮೇಲೆ ನಿಂತುಹೋದವು. ಈ ಪ್ರವಾಸದಲ್ಲಿ ಮೊದಲ ಸಲ.

ಅಜ್ಜಿ ಉಸಿರಿನ ನಡುವೆ, ತುಂಡು ತುಂಡಾಗಿ ಹೇಳಿದರು: "ಕುರುಡು... ಮುಂಡೇದು... ನನಗೋಸ್ಕರ ಹೋಯ್ತಾ?" ಬೈಗುಳವಲ್ಲ. ಅಳು.

ಅದೇ ದಿನ, ಮಧ್ಯಾಹ್ನ ಕಳೆದು

ಬುರುಜಿನ ಮೇಲೆ ಹತ್ತಿ ನೋಡಿದೆ. ಪೂರ್ವಕ್ಕೆ ಮುಂದಿನ ಬುರುಜು ಕಾಣುತ್ತದೆ — ಕುಗ್ಗಿ, ಕುಸಿದು, ನೆಲದ ಬಣ್ಣಕ್ಕೇ ತಿರುಗಿದೆ. ಅದರ ಎಡಕ್ಕೆ, ಉತ್ತರದಲ್ಲಿ, ಒಂದು ಮಣ್ಣಿನ ದಿಬ್ಬ. ನೇರ, ಎತ್ತರ, ಚೌಕ. ಕಣ್ಣು ಕಿರಿದು ಮಾಡಿ ನೋಡಿದೆ, ಅವನು ನೋಡುವ ಹಾಗೆ. ಬುರುಜು ಮಾಯವಾಯಿತು. ದಿಬ್ಬವೇ ಬುರುಜಾಯಿತು.

ಇಳಿದು ಹೆಜ್ಜೆ ಹುಡುಕಿದೆ. ಬೂಟಿನ ಗುರುತು ಮರಳಿನಲ್ಲಿ ಸ್ಪಷ್ಟ. ಪೂರ್ವಕ್ಕಲ್ಲ. ಎಡಕ್ಕೆ.

ಬೆನ್ನು ಹತ್ತಿ ಹೋದೆ. ಕೂಗುತ್ತ ಹೋದೆ. ಗರಸು ಬಂದ ಕಡೆ ಹೆಜ್ಜೆ ಅಳಿಸಿಹೋಯಿತು. ಅಲ್ಲಿಂದಾಚೆ ದಿಬ್ಬಗಳು, ದಿಬ್ಬಗಳ ಹಿಂದೆ ದಿಬ್ಬಗಳು. ಒಂದು ದಿಬ್ಬದಿಂದ ಇನ್ನೊಂದು ಕಾಣುತ್ತದೆ. ಅವನು ಅದನ್ನೇ ಎಣಿಸಿಕೊಂಡು ಹೋಗುತ್ತಿರುತ್ತಾನೆ. ಸರಿಯಾದ ದಾರಿಯಲ್ಲಿದ್ದೇನೆ, ಬುರುಜು ತಪ್ಪಿಲ್ಲ ಎಂದು ಧೈರ್ಯವಾಗಿ ನಡೆಯುತ್ತಿರುತ್ತಾನೆ. ನನಗೆ ಭಯ ಆ ಧೈರ್ಯದ್ದೇ. ಹೆದರಿದವನಾಗಿದ್ದರೆ ನಿಲ್ಲುತ್ತಿದ್ದ.

ವಾಪಸ್ ಬಂದೆ. ಬರಲೇಬೇಕಿತ್ತು. ಇಲ್ಲಿ ಇಬ್ಬರು ಮುದುಕರು.

ಮರಳಿಗೆ ಹೋದವನು ಮರಳುತ್ತಾನೆ, ಹೆಸರೇ ಹೇಳುತ್ತದೆ ಎಂದು ಗಿರಾಕಿಗಳಿಗೆ ಹೇಳುವ ಜೋಕೊಂದಿದೆ ನನ್ನಲ್ಲಿ. ಇನ್ನು ಹೇಳುವುದಿಲ್ಲ.

ಅದೇ ದಿನ, ಸಂಜೆ

ಗಾಡಿಯ ಹಾರ್ನು ಹೊಡೆದೆವು. ಮೇಷ್ಟ್ರು ಒಮ್ಮೆ, ನಾನೊಮ್ಮೆ. ಬರಬರುತ್ತ ಹಾರ್ನಿಗೂ ಉಬ್ಬಸ ಬಂತು. ಆಮೇಲೆ ಮೌನ. ಬ್ಯಾಟರಿ ಸತ್ತಿತು.

ಒಂದು ನೀರಿನ ಬಾಟಲಿ, ಸ್ಟೀಲಿನ ಟೀ ಫ್ಲಾಸ್ಕು, ಎರಡು ರೊಟ್ಟಿ ತೆಗೆದುಕೊಂಡು ಹೋಗಿದ್ದಾನೆ. ಕೋಟು ಬಿಟ್ಟು ಹೋಗಿದ್ದಾನೆ. ಕೋಟೆ ನೋಡಲು ಬಂದ ನನಗೆ ಈಗ ಕೋಟಿನದೇ ಚಿಂತೆ. ಎಂಥ ಹೊತ್ತಿನಲ್ಲೂ ಇಂಥದ್ದು ಹೊಳೆಯುತ್ತದಲ್ಲ, ಥೂ.

ಚಳಿ ಏರುತ್ತಿದೆ.

ಏಪ್ರಿಲ್ ೧೫, ಬೆಳಿಗ್ಗೆ

ಗಾಳಿ ಪೂರ್ತಿ ನಿಂತಿದೆ. ಆಕಾಶ ತೊಳೆದಿಟ್ಟ ಹಾಗೆ. ಅವನಿಲ್ಲ.

ಅಜ್ಜಿ ಕೂತೇ ಇದ್ದಾರೆ, ಮಲಗಿದರೆ ಉಸಿರು ಸಿಗುವುದಿಲ್ಲ. ಬುರುಜಿನ ಬುಡದ ಕಡೆ ಬೆರಳು ತೋರಿಸಿ, "ಅದೇನೇ ಅದು?" ಎಂದರು.

ಅದು ಸೌದೆ. ಜೊಂಡಿನ ಕಟ್ಟುಗಳನ್ನು ಅಡ್ಡಡ್ಡ ಪೇರಿಸಿಟ್ಟ ಒಟ್ಟಿಲು. ಹೊಗೆಯ ಸಂಕೇತಕ್ಕೆಂದು ಎರಡು ಸಾವಿರ ವರ್ಷದ ಹಿಂದೆ ಯಾರೋ ಸೈನಿಕರು ಸಿದ್ಧ ಮಾಡಿಟ್ಟದ್ದು. ಶತ್ರು ಬರಲಿಲ್ಲವೋ, ಕಾವಲಿನವರು ಮನೆಗೆ ಹೋದರೋ. ಹಾಗೇ ಉಳಿದಿದೆ. ಅದರ ಒಂದು ಕಡ್ಡಿ ಮುರಿದರೂ ಜೈಲು.

"ಹೊಗೆ ಹಾಕೋಕೆ ಅಂತಲೇ ಇಟ್ಟಿದ್ದು ಅಂತೀಯ. ಹಾಕು ಮತ್ತೆ."

"ಅಜ್ಜೀ, ಅದು ಪ್ರಾಚೀನ—"

"ಎರಡು ಸಾವಿರ ವರ್ಷದಿಂದ ಕಾಯ್ತಾ ಕೂತಿದೆ... ಅದಕ್ಕೂ ಬೇಜಾರಾಗಿರತ್ತೆ. ನಿನ್ನ ತಮ್ಮ... ಎಷ್ಟು ಹೊತ್ತು ಕಾಯ್ತಾನೆ?"

ಇಷ್ಟು ವರ್ಷ ಗಿರಾಕಿಗಳ ಕೈ ಹಿಡಿದೆಳೆದಿದ್ದೇನೆ — ದೂರ ನಿಲ್ಲಿ, ಉಸಿರೂ ತಾಗಬಾರದು. ಈಗ ಲೈಟರು ನನ್ನ ಕೈಯಲ್ಲಿ. ಮೂರ್ನಾಲ್ಕು ಸಲ ಹಚ್ಚಿ ಆರಿಸಿದೆ. ಹೊಗೆ ಎದ್ದರೆ ದೂರದಲ್ಲಿರುವ ಕುನ್‌ಗೂ ಕಾಣುತ್ತದೆ. ಬುರುಜು ಕಾಣದಿರಬಹುದು, ಆಕಾಶಕ್ಕೆ ಮಸಿ ಬಳಿದರೆ ಕಾಣದೆ ಇರುತ್ತದೆಯೆ? ಒಂದು ಮೂಲೆಗೆ ಉರಿ ಹಿಡಿದೆ.

ಕಪ್ಪಾಯಿತು. ಹತ್ತಲಿಲ್ಲ. ಮತ್ತೆ ಹಿಡಿದೆ. ಹತ್ತಲಿಲ್ಲ. ಮುಟ್ಟಿದರೆ ಕಲ್ಲು.

ಕೂತು ಅತ್ತೆ. ಅಪರಾಧವೂ ಆಯಿತು, ಹೊಗೆಯೂ ಆಗಲಿಲ್ಲ.

"ಟೈರಿಲ್ವೇನೇ ಗಾಡೀಲಿ?" ಎಂದರು ಅಜ್ಜಿ ಹಿಂದಿನಿಂದ.

ಸ್ಟೆಪ್ನಿ! ಎಂ.ಎ. ಮಾಡಿದವಳ ತಲೆಗೆ ಮೊದಲು ಹೊಳೆದದ್ದು ಹಾನ್ ವಂಶದ ಸೌದೆ. ಸ್ಟೆಪ್ನಿ ಉರುಳಿಸಿಕೊಂಡು ಬಂದು, ಗೋಡೆಯಿಂದ ದೂರಕ್ಕೆ ತಂದು, ಗಾಡಿಯ ಪೆಟ್ರೋಲು ಸುರಿದು ಹಚ್ಚಿದೆವು. ಕರ್ರಗಿನ ಹೊಗೆ, ಕಂಬದ ಹಾಗೆ ನೆಟ್ಟಗೆ. ಬೇರೆಯವರಿಗೆ ಹೊಗೆ ಅಂದರೆ ಸಾವು. ನಮಗೆ ಈಗ ಬದುಕೇ ಅದರಲ್ಲಿದೆ.

ಮೇಷ್ಟ್ರು ಸುಮ್ಮನೆ ಕೂತಿರಲಿಲ್ಲ. ಪೆಟ್ರೋಲಿನ ಖಾಲಿ ತಗಡಿನ ಡಬ್ಬ, ಜಾಕಿಯ ಹಿಡಿ ತೆಗೆದುಕೊಂಡು ಬುರುಜಿನ ಪಕ್ಕದ ದಿಣ್ಣೆ ಹತ್ತಿದರು.

"ಕಣ್ಣು ಕಾಣದೋನಿಗೆ ಬರೀ ಹೊಗೆ ತೋರಿಸಿದ್ರೆ ಹೆಂಗಮ್ಮ? ಕಿವಿ ನೆಟ್ಟಗಿದೆ ತಾನೆ ಅವನಿಗೆ?"

ಹೊಡೆಯತೊಡಗಿದರು. ನಾಲ್ಕು ಪೆಟ್ಟು, ಒಂದು ಬಿಡುವು. ನಾಲ್ಕು ಪೆಟ್ಟು, ಒಂದು ಬಿಡುವು. ತಗಡಿನ ಡಬ್ಬದಿಂದ ಇಂಥ ಸದ್ದು ಬರುತ್ತದೆಂದು ಡಬ್ಬಕ್ಕೂ ಗೊತ್ತಿರಲಿಕ್ಕಿಲ್ಲ.

ಉತ್ತರದಿಂದ ಬಂತು. ನಾಲ್ಕು ಪೆಟ್ಟು!

ಹುಚ್ಚಿಯ ಹಾಗೆ ಓಡಿದೆ. ಮೇಷ್ಟ್ರು ಕೂಗಿ ಕೂಗಿ ನಿಲ್ಲಿಸಿದರು. "ಅದು ನಂದೇ ಕಣಮ್ಮಾ! ದಿಬ್ಬಕ್ಕೆ ತಾಗಿ ವಾಪಸ್ ಬರ್ತಿರೋದು!"

ವಾಪಸ್ ಬಂದದ್ದು ಸದ್ದು ಮಾತ್ರ.

ಮಧ್ಯಾಹ್ನ

ವೂ ಬಂದ. ಪೂರ್ವದಿಂದ ಧೂಳು, ಬೈಕು, ಅದಕ್ಕಿಂತ ಮುಂಚೆ ಮೈಕು: "ಯಾವನೋ ಅವನು ಬೆಂಕಿ ಹಾಕಿದೋನು! ಮುಟ್ಟಬೇಡ! ಅಲ್ಲೇ ನಿಲ್ಲು!" ಜೀವಮಾನದಲ್ಲಿ ಬೈಗುಳ ಇಷ್ಟು ಇಂಪಾಗಿ ಕೇಳಿಸಿದ್ದಿಲ್ಲ. ನಾವು ಸಾಯುತ್ತಿದ್ದೇವೆಂದು ಬಂದವನಲ್ಲ. ಒಟ್ಟಿಲು ಉರಿಯುತ್ತಿದೆ ಎಂದು ಬಂದವನು.

ಬೈಕು ಬಿಸಾಡಿ ನೇರ ಒಟ್ಟಿಲಿಗೆ ಓಡಿದ. ಕಪ್ಪಾದ ಮೂಲೆಯನ್ನು ಮಗುವಿನ ಹಣೆ ಮುಟ್ಟುವ ಹಾಗೆ ಮುಟ್ಟಿದ. ನನ್ನ ಕಡೆ ತಿರುಗಿದ.

"ನಾನೇ" ಎಂದೆ. "ತಮ್ಮ ಕಳೆದುಹೋಗಿದಾನೆ."

ಮೈಕು ಕೆಳಗಿಳಿಸಿದ. ಮೈಕಿಲ್ಲದ ಅವನ ದನಿ ತೀರ ಸಣ್ಣದು. "ಹತ್ತಲಿಲ್ವಾ?"

"ಇಲ್ಲ."

"ಹತ್ತಲ್ಲ ಅದು. ಅಷ್ಟು ಉಪ್ಪು ತಿಂದಿದೆ." ಒಂದು ಹಿಡಿ ಮರಳು ತೆಗೆದು ಆ ಕಪ್ಪಿನ ಮೇಲೆ ಉಜ್ಜಿದ.

ಈ ಗೋಡೆಯ ಉಪ್ಪು ತಿಂದದ್ದು ಆ ಸೌದೆಯೂ ಹೌದು, ನಾನೂ ಹೌದು. ದ್ರೋಹ ಬಗೆದದ್ದು ನಾನೊಬ್ಬಳೇ.

"ದಾರೀಲಿ ಸಿಕ್ಕನಾ?" ಕೇಳಿದೆ.

"ಪ್ರತಿ ಬುರುಜು ನೋಡ್ಕೊಂಡೇ ಬಂದೆ ಅಕ್ಕಾವ್ರೆ. ಯಾರೂ ಇಲ್ಲ. ಹೆಜ್ಜೆ ಕೂಡ ಇಲ್ಲ."

ಗೊತ್ತಿತ್ತು. ಆದರೂ ಕೇಳಿದ್ದೆ.

ಬೈಕಿನಲ್ಲಿ ಒಬ್ಬರಿಗೇ ಜಾಗ. ಅಜ್ಜಿಯನ್ನು ಹಿಂದೆ ಕೂರಿಸಿ, ಬೀಳದ ಹಾಗೆ ಶಾಲಿನಿಂದ ವೂನ ಬೆನ್ನಿಗೇ ಕಟ್ಟಿದೆವು. ಗುಡಿಸಲಲ್ಲಿ ವೈರ್‌ಲೆಸ್ ಇದೆ, ಜೀಪು ಕಳಿಸುತ್ತಾನಂತೆ, ಡಾಕ್ಟರನ್ನೂ. "ಆ ದಿಬ್ಬಗಳ ಒಳಗೆ ಒಬ್ಬರೇ ಹೋಗ್ಬೇಡಿ" ಎಂದ ನನಗೆ. "ಹೋದ್ರೆ ಇಬ್ಬರನ್ನ ಹುಡುಕ್ಬೇಕಾಗತ್ತೆ. ಮೊದಲು ಅವನ ದಿಕ್ಕು ಗೊತ್ತಾಗ್ಲಿ."

ಅಜ್ಜಿ ಹೊರಡುವ ಮುಂಚೆ ಮೇಷ್ಟ್ರಿಗೆ ಹೇಳಿದರು: "ಜೀವಮಾನ ಎಲ್ಲಾ... ನಿಲ್ಸಿ ನಿಲ್ಸಿ ಅಂತ ಬೈದೆ ಅಲ್ವಾ. ಈಗ ನಿಲ್ಸಿದ್ರೆ ನೋಡಿ."

"ಹೂಂ ಕಣೇ" ಎಂದರು ಮೇಷ್ಟ್ರು. ಬೇರೆ ಕಡೆ ನೋಡುತ್ತ.

ಸಂಜೆಗೆ ಮುಂಚೆ

ಟೈರು ಉರಿದು ತಂತಿಯಾಗಿದೆ. ಹೊಗೆ ಇಲ್ಲ. ಜೀಪು ಇನ್ನೂ ಬಂದಿಲ್ಲ. ಬಿಸಿಲು ಹಳದಿಗೆ ತಿರುಗುತ್ತಿದೆ.

ಮೇಷ್ಟ್ರ ಅಂಗೈ ಬೊಕ್ಕೆ ಬಂದು ಒಡೆದಿದೆ. ತಮ್ಮದೇ ಕೋಟಿನ ತೋಳು ಹರಿದು ಸುತ್ತಿಕೊಂಡಿದ್ದಾರೆ. ನಾನು ಹೊಡೆಯುತ್ತೇನೆಂದರೆ ಕೊಡಲಿಲ್ಲ. "ನೀನು ಹೊಡೆದ್ರೆ ಅದು ಸದ್ದು. ನಾನು ಹೊಡೆದ್ರೆ ಅದು ಕರೆಯೋದು." ನಾಲ್ಕು ಪೆಟ್ಟು, ಬಿಡುವು. ದಿಬ್ಬಗಳು ನಾಲ್ಕನ್ನೂ ವಾಪಸ್ ಕೊಡುತ್ತವೆ, ಎಣಿಸಿ, ಒಂದೂ ಇಟ್ಟುಕೊಳ್ಳದೆ. ಆ ನಾಲ್ಕು ಕೇಳಿದಾಗಲೆಲ್ಲ ಎದೆ ಹಾರುತ್ತದೆ. ಪ್ರತಿ ಸಲ ಮೋಸ. ಗೊತ್ತಿದ್ದೂ ಮೋಸ.

ಒಂದು ಬಾಟಲಿ ನೀರು. ನಿನ್ನೆ ಬೆಳಗಿನಿಂದ. ಕೋಟಿಲ್ಲದ ಒಂದು ರಾತ್ರಿ. ಲೆಕ್ಕ ಹಾಕಬಾರದು ಎಂದುಕೊಂಡೇ ಲೆಕ್ಕ ಹಾಕುತ್ತಿದ್ದೇನೆ.

ಶಾವ್‌ಯಾನ್‌ಗೆ ಏನು ಹೇಳಲಿ? ಚಾರ್ಟು ಬಾಯಿಪಾಠ ಮಾಡಿಸಿದವಳಿಗೆ ದಾರಿ ಬಾಯಿಪಾಠ ಮಾಡಿಸಿದವಳು ಏನು ಹೇಳಬೇಕು?

ಮೇಷ್ಟ್ರು ನಿಲ್ಲಿಸಿದರು. ಕೈ ಎತ್ತಿದ್ದಾರೆ. ಮಾತಾಡಬೇಡ ಎಂದು.

ಮತ್ತೆ ಹೊಡೆದರು. ನಾಲ್ಕು.

ನಾಲ್ಕು ವಾಪಸ್ ಬಂತು. ದಿಬ್ಬದ್ದು. ಸ್ವಲ್ಪ ತಡೆದು, ಅದರ ಹಿಂದೆ, ಸಣ್ಣಗೆ, ಲೋಹದ ಸದ್ದು... ಮೂರು. ಬಿಡುವಿಲ್ಲ. ಮತ್ತೆರಡು.

"ಕೇಳಿಸ್ತಾ?"

"ಅದೂ ದಿಬ್ಬವೇ ಇರಬೇಕು ಮೇಷ್ಟ್ರೇ." ಇನ್ನೊಂದು ಸಲ ಮೋಸಹೋಗುವ ಶಕ್ತಿ ನನಗಿಲ್ಲ.

"ದಿಬ್ಬ ತಾಳ ತಪ್ಪಲ್ಲ ಮಗಳೇ. ಕೊಟ್ಟಿದ್ದನ್ನ ಹಾಗೇ ಕೊಡತ್ತೆ. ತಪ್ಪೋದು ಮನುಷ್ಯ ಮಾತ್ರ."

ಎದ್ದೆ. ತೋಳು ಹಿಡಿದು ಕೂರಿಸಿದರು. ಓಡಬೇಡ, ಇನ್ನೊಂದು ಸಲ ಕೇಳಲಿ, ದಿಕ್ಕು ಗಟ್ಟಿಯಾಗಲಿ, ಆಮೇಲೆ ಹೋಗುವಂತೆ. ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀರಿನ ಕ್ಯಾನು ಹೆಗಲಿಗೆ ಹಾಕಿದ್ದಾಗಿದೆ. ಬೂಟಿನ ದಾರ ಬಿಗಿದಿದ್ದಾಗಿದೆ. ಮೇಷ್ಟ್ರು ಹೊಡೆಯುತ್ತಿದ್ದಾರೆ.

ನಾಲ್ಕು.

ದಿಬ್ಬದ ನಾಲ್ಕು.

ಆಮೇಲೆ ಎರಡು. ಒಂದು. ತಡೆದು ಇನ್ನೊಂದು. ಟೀ ಫ್ಲಾಸ್ಕೇ ಅದು. ಎಂಥ ಬೇತಾಳನೋ ನೀನು ಕುನ್, ಹಾಗೇ ತಪ್ಪುತ್ತಿರು, ಸರಿ ಮಾಡಬೇಡ, ನಿಲ್ಲಿಸಬೇಡ, ಎಡಗಡೆ ಎರಡನೇ ದಿಬ್ಬದ ಹಿಂದೆ, ಬಂದೆ, ನೀನಿದ್ದ ಕಡೆಯೇ ಇರು, ಎಲ್ಲಿಗೂ—